ತಬಿತಮ್ಮ ನಾಳೆಗೆಂದು ಬಚ್ಚಿಟ್ಟ ಜೋಳ

ದೀಪ ಹೊತ್ತಿಸಿ ಸೆರಗು ಹೊದ್ದು ಕೂತ ತಾಯಂದಿರೇ, ಕೈಮುಗಿದು ಕೂತ ಅಣ್ಣಂದಿರೇ, ಮೊದಲ ಹಿಡಿಯ ವ್ರತ ನಮಗೆ ಹೇಗೆ ಉಳಿದು ಬಂತೆಂಬುದನ್ನು ಹೇಳುತ್ತೇನೆ, ಚಿತ್ತವಿಟ್ಟು ಕೇಳಿರಿ.

ಕೃಷ್ಣಾ ನದಿಯ ಒಂದು ನಡುಗಡ್ಡೆಯಲ್ಲಿ ಏಳು ಮನೆಗಳಿದ್ದವು. ಏಳೂ ಮನೆಯವರು ಕ್ರಿಸ್ತನ ಹೆಸರು ಹೇಳಿ ಬಾಳುವವರು. ಅವರಲ್ಲಿ ಹರಿಗೋಲು ನಡೆಸುವ ನತಾನಪ್ಪ, ಅವನ ಹೆಂಡತಿ ತಬಿತಮ್ಮ, ಕಣ್ಣು ಕಾಣದ ಅವನ ತಾಯಿ ಎಸ್ತೇರಮ್ಮ ಇದ್ದರು. ಅಡುಗೆಗೆ ಹಿಟ್ಟು ತೆಗೆದಾಗ ಮೊದಲ ಹಿಡಿಯನ್ನು ದೇವರ ಹೆಸರಲ್ಲಿ ಬೇರೆ ಇಟ್ಟು, ಇಲ್ಲದವರಿಗೆ ಕೊಟ್ಟು, ಸಂಜೆ ದೀಪದ ಮುಂದೆ ಸತ್ಯವೇದ ಕೇಳಿ, ಆಮೇಲೆ ಉಣ್ಣುವುದು ಅಲ್ಲಿಯವರ ನೇಮವಾಗಿತ್ತು.

ತಬಿತಮ್ಮ ಕೆಟ್ಟವಳಲ್ಲ. ಆದರೆ ತವರಿನಲ್ಲಿ ತಂಗಿಯೊಬ್ಬಳು ಹಸಿವಿನಿಂದ ಸತ್ತದ್ದನ್ನು ಕಣ್ಣಾರೆ ಕಂಡವಳು, ನಾಳೆಯ ಅಂಜಿಕೆ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಅವಳು ಯಾರಿಗೂ ತಿಳಿಯದಂತೆ ಮೊದಲ ಹಿಡಿಯನ್ನು ನಿಲ್ಲಿಸಿ, ಹಿತ್ತಲಲ್ಲಿ ಗುಂಡಿ ತೋಡಿ, ಹಾಗೆ ಉಳಿಸಿದ ಜೋಳ ತುಂಬಿ, ಮೇಲೆ ಮಣ್ಣು ಮುಚ್ಚಿದಳು.

ಹೀಗಿರಲಾಗಿ ಒಂದು ಶ್ರಾವಣದಲ್ಲಿ ನತಾನಪ್ಪ ಆಚೆ ದಡಕ್ಕೆ ಹೋದಾಗ ಹೊಳೆ ಉಕ್ಕಿ ಬಂದು, ನಡುಗಡ್ಡೆಗೂ ಲೋಕಕ್ಕೂ ಸಂಬಂಧ ಕಡಿಯಿತು. ಆರು ದಿನ ಕಳೆದವು, ಮನೆಮನೆಯ ಮಡಕೆಗಳು ಬರಿದಾಗುತ್ತ ಬಂದವು. ಪಕ್ಕದ ಮನೆಯ ಬಾಣಂತಿ ಯುನೀಕಮ್ಮ ಹಸುಗೂಸನ್ನು ಅವುಚಿಕೊಂಡು ಬಾಗಿಲಿಗೆ ಬಂದು, "ಅಕ್ಕಾ, ಎದ್ಯಾಗ ಹಾಲು ಬತ್ಯಾವ. ಗಂಜಿಗೆ ಒಂದು ಹಿಡಿ ಹಿಟ್ಟು ಕೊಡ್ತೀಯೇನು?" ಎಂದಳು. ತಬಿತಮ್ಮ ನೆಲ ನೋಡುತ್ತಾ, "ಮನ್ಯಾಗ ಏನೂ ಇಲ್ಲವ್ವ" ಎಂದು ಕಳಿಸಿದಳು.

ಅವಳು ಅತ್ತ ಹೋಗುತ್ತಲೇ ಇವಳು ಇತ್ತ ಗುಂಡಿ ಬಗೆದಳು. ಏನೆಂದು ಹೇಳಲಿ! ಒಳಗೆ ನೀರು ಒಸರಿ, ಜೋಳವೆಲ್ಲ ಕಪ್ಪಾಗಿ ಮುಗ್ಗಿ, ಹುಳ ಮಿಜಿಗುಟ್ಟುತ್ತಿದ್ದವು. ತಬಿತಮ್ಮ ಮಣ್ಣಿನ ಕೈಯಲ್ಲೇ ಓಡಿಬಂದು ಅತ್ತೆಯ ಕಾಲ ಬಳಿ ಕುಸಿದು ಎಲ್ಲವನ್ನೂ ಒಪ್ಪಿಕೊಂಡಳು.

ಎಸ್ತೇರಮ್ಮ ಬೈಯಲಿಲ್ಲ. ಸತ್ಯವೇದದಲ್ಲಿರುವಂತೆ ಇಸ್ರಾಯೇಲರು ಅಡವಿಯಲ್ಲಿ ಹಸಿದಾಗ ಮುಂಜಾನೆಯ ಇಬ್ಬನಿಯೊಡನೆ ದೇವರು ಮನ್ನವೆಂಬ ಆಹಾರ ಸುರಿಸಿದ್ದನ್ನು, ಬಹಳ ಕೂಡಿಸಿದವನಿಗೆ ಹೆಚ್ಚಾಗದೆ ಸ್ವಲ್ಪ ಕೂಡಿಸಿದವನಿಗೆ ಕಡಿಮೆಯಾಗದೆ ಹೋದದ್ದನ್ನು, ಮರುದಿನಕ್ಕೆಂದು ಇಟ್ಟುಕೊಂಡದ್ದು ಹುಳ ಬಿದ್ದು ನಾತ ಹೊಡೆದದ್ದನ್ನು ಬಾಯಿಪಾಠದಿಂದ ಹೇಳಿ, "ನಾಳೆ ಅನ್ನೋದು ಆತನ ಕೈಯಾಗ ಐತಿ, ಮಗಳ. ಮಡಕ್ಯಾಗ ಎಷ್ಟು ಉಳಿದೈತಿ?" ಎಂದು ಕೇಳಿದಳು.

"ಒಂದ ಹಿಡಿ, ಅತ್ತಿ."

"ಹಂಗಾರ ಅದ ಮೊದಲ ಹಿಡಿ."

ತಬಿತಮ್ಮ ಅದನ್ನು ಒಯ್ದು, ತಾನೇ ಗಂಜಿ ಕಾಯಿಸಿ, ಸುಳ್ಳಾಡಿದ್ದನ್ನು ಹೇಳಿ, ಬಾಣಂತಿಗೆ ಕುಡಿಸಿದಳು. ಅತ್ತೆ ಸೊಸೆ ನೀರು ಕುಡಿದು ಪ್ರಾರ್ಥನೆ ಮಾಡಿ ಮಲಗಿದರು.

ಬೆಳಕು ಹರಿದಾಗ ತಬಿತಮ್ಮ ಕೊಡ ಹಿಡಿದು ದಂಡೆಗೆ ಹೋದರೆ, ನೀರಲ್ಲಿ ಮುಳುಗಿದ್ದ ಜಾಲಿಯ ಮುಳ್ಳಿನಲ್ಲಿ ಎರಡು ದೊಡ್ಡ ಕುಂಬಳಕಾಯಿಗಳು ಬಳ್ಳಿ ಸಮೇತ ಸಿಕ್ಕಿಕೊಂಡಿದ್ದವು. ಮೇಲಿನ ಯಾವ ಹೊಲದವೋ, ಯಾರು ಬಿತ್ತಿದ್ದವೋ! ಅವಳು ಕೊಡ ಬಿಟ್ಟು ಮೊಣಕಾಲೂರಿದಳು. ಹೋಳು ಮಾಡಿ ಹಂಚಿದರೆ ಏಳು ಮನೆಗೂ ಸರಿಯಾಯಿತು, ಒಂದು ಹೋಳೂ ಮಿಗಲಿಲ್ಲ. ಮರುದಿನ ಸೋರೆಕಾಯಿ ಬಂದವು, ಅದರ ಮರುದಿನ ಬಾಳೆಗೊನೆ. ಹೀಗೆ ನಾಲ್ಕು ದಿನ ಆ ದಿನದಷ್ಟೇ ಬಂತು. ಐದನೆಯ ಮುಂಜಾನೆ ಮುಳ್ಳಿನಲ್ಲಿ ಏನೂ ಇರಲಿಲ್ಲ. ಎಲ್ಲರೂ ದಂಡೆಯಲ್ಲಿ ನಿಂತಿರಲು, ಇಳಿದ ಹೊಳೆಯ ಮೇಲೆ ದವಸ ಹೇರಿದ ದೋಣಿ ಕಂಡಿತು, ಅದರ ಮುಂಭಾಗದಲ್ಲಿ ನತಾನಪ್ಪ ನಿಂತಿದ್ದನು.

ಅಂದಿನಿಂದ ತಬಿತಮ್ಮ ನೇಮ ತಪ್ಪಲಿಲ್ಲ. ಕೂಸು ಬದುಕಿ ಬೆಳೆಯಿತು, ಹೊಲ ತೆನೆದೂಗಿತು, ಅವಳಿಗೆ ಕಣ್ತುಂಬ ನಿದ್ದೆ ಬಂತು.

ಈ ಕಥೆಯನ್ನು ಭಕ್ತಿಯಿಂದ ಓದಿದವರ, ಕೇಳಿದವರ, ಕೇಳಿ ಇನ್ನೊಬ್ಬರಿಗೆ ಹೇಳಿದವರ ಮನೆಯಲ್ಲಿ ದಿನದ ಅನ್ನ ದಿನಕ್ಕೆ ಒದಗಲಿ, ನಾಳೆಯ ಭಯ ನೀಗಲಿ, ತಬಿತಮ್ಮನಿಗೆ ಕೊಟ್ಟ ಸಮಾಧಾನವನ್ನು ಕರ್ತನು ಅವರಿಗೂ ಕೊಡಲಿ. ಆಮೆನ್.