ಕಲಾಯಿ ಮೌಲಾಲಿ ಬಿಡಿಸಿದ ಅರಮನೆಯ ಗುಟ್ಟು

"ಕೇಳ್ರಪ್ಪೋ ಕೇಳ್ರಿ! ಕುಮಾರಿ ಚಂಪಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಕೊಡಲಾಗುವುದು. ತಪ್ಪಿದವರ ತಲೆ ತೆಗೆಯಲಾಗುವುದು. ಸಿರಿಗಟ್ಟದ ದೊರೆ ಕೆಂಚರಸರ ಅಪ್ಪಣೆ!"

ಡಂಗುರದ ಸದ್ದಿಗೆ ಕೆಂಚರಸನಿಗೆ ಎಚ್ಚರವಾಯಿತು. ಬಿಸಿಲು ಆಗಲೇ ನೆತ್ತಿಗೇರಿತ್ತು.

"ಯಾರದ್ದೋ ಇದು ಅಪ್ಪಣೆ?"

"ತಮ್ಮದೇ ಪ್ರಭು," ಎಂದ ಮಂತ್ರಿ. "ನಿನ್ನೆ ಊಟದ ಹೊತ್ತಿನಲ್ಲಿ ಕುಮಾರಿಯವರು ಕೇಳಿದರು. ತಾವೇ ಮುದ್ರೆ ಒತ್ತಿದಿರಿ."

ದೊರೆಗೆ ಒಂದಕ್ಷರವೂ ನೆನಪಿಲ್ಲ. ಹಾಗೆಂದು ಒಪ್ಪಿಕೊಳ್ಳಲು ಮರ್ಯಾದೆ ಬಿಡಲಿಲ್ಲ. "ಗೊತ್ತು, ಗೊತ್ತು. ನಿನಗೆ ನೆನಪಿದೆಯೋ ಇಲ್ಲವೋ ನೋಡಿದೆ." ಮಂತ್ರಿ ಮೆಚ್ಚಿದವನಂತೆ ತಲೆದೂಗಿದ. ಅವನಿಗೆ ಸಂಬಳ ಕೊಡುತ್ತಿದ್ದುದೇ ಹಾಗೆ ತಲೆದೂಗುವುದಕ್ಕೆ.

ಸಭೆ ಕೂಡಿತು. ಮೊದಲು ಬಂದವನು ಕಡಲಕೋಟೆಯ ಯುವರಾಜ. ಮೈತುಂಬ ಒಡವೆ, ತಲೆಯೊಳಗೆ ಹೊಟ್ಟು. ಚಂಪಾಂಬೆ ಕೇಳಿದಳು:

"ಒಂದು ಪಾತ್ರೆ ಇದೆ. ಹಿಂದೆ ಒಂದು ಬಟ್ಟಲು ಹೊಯ್ದರೆ ತುಂಬುತ್ತಿತ್ತು. ಈಗ ಆರು ಹೊಯ್ದರೂ ಸಾಲದು. ಪಾತ್ರೆ ಬೆಳೆದಿಲ್ಲ, ತಳ ತೂತಾಗಿಲ್ಲ. ಯಾವುದದು?"

"ಮಹಾಪ್ರಭುಗಳ ಖಜಾನೆ!" ಎಂದ ಯುವರಾಜ, ಹಲ್ಲು ಕಿರಿದು. ದೊರೆ ಖುಷಿಯಾದ. ಚಂಪಾಂಬೆ ತಲೆ ಅಲ್ಲಾಡಿಸಿದಳು. ಭಟರು ಅವನನ್ನು ಎಳೆದು ಮೂಲೆಯಲ್ಲಿ ಕೂರಿಸಿದರು. ತಲೆ ತೆಗೆಯುವುದು ಸಂಜೆಗೆ.

ಬಳಿಕ ಆಸ್ಥಾನ ಪಂಡಿತ ಶೇಷಭಟ್ಟ ಎದ್ದು, ಉಳಿದೆರಡನ್ನೂ ಕೇಳಿಬಿಡುವೆನೆಂದ. ಚಂಪಾಂಬೆ ಹೇಳಿದಳು:

"ಬೆಳಗ್ಗೆ ಕೈ ನಡುಗುವುದು ಅದಿಲ್ಲದೆ. ನಡುಕ ನಿಲ್ಲುವುದು ಅದರಿಂದಲೇ. ನಡುಕ ತಂದಿಟ್ಟದ್ದೂ ಅದೇ. ಯಾವುದು? ಇನ್ನೊಂದು. ಒಂದು ಸೆರೆಮನೆಗೆ ಕಾವಲಿಲ್ಲ. ಕೀಲಿ ಕೈದಿಯ ಸೊಂಟದಲ್ಲೇ ಇದೆ. ಬಂದವರಿಗೆಲ್ಲ ಅದನ್ನು ತೋರಿಸಿ ಮೀಸೆ ತಿರುವುತ್ತಾನೆ. ಬಾಗಿಲು ಮಾತ್ರ ತೆಗೆಯುವುದಿಲ್ಲ. ಆ ಕೀಲಿ ಯಾವುದು?"

"ಮೂರಕ್ಕೂ ಒಂದೇ ಉತ್ತರ, ಪ್ರೇಮ!" ಎಂದು ಭಟ್ಟ ಕಣ್ಣು ಮುಚ್ಚಿ ರಾಗ ಎಳೆದ.

ಕಿಟಕಿಯಾಚೆ ಯಾರೋ ಗೊಳ್ಳೆಂದು ನಕ್ಕರು.

ಹಿತ್ತಿಲಲ್ಲಿ ತಿದಿ ಊದುತ್ತ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮೌಲಾಲಿ ಅದು. ಭಟರು ಮಸಿ ಮೈಯಲ್ಲೇ ಎಳೆದು ತಂದರು.

"ನಗುತ್ತೀಯೇನೋ? ಈಗ ನೀನೇ ಬಿಡಿಸು. ತಪ್ಪಿದರೆ ಮೂರನೇ ತಲೆ ನಿನ್ನದು," ಎಂದ ದೊರೆ.

ಮೌಲಾಲಿ ಮಸಿ ಕೈ ಒರೆಸಿಕೊಂಡ. "ತಪ್ಪು ಹೇಳಿದರೂ ತಲೆ ಹೋಗುತ್ತೆ ಧಣಿ, ಸರಿ ಹೇಳಿದರೂ ಹೋಗೋ ಹಾಗೆ ಕಾಣ್ತದೆ. ಸರಿಯಾದ್ದನ್ನೇ ಹೇಳಿಬಿಡ್ತೀನಿ. ಮೊದಲನೇದು ಕುಡುಕನ ಹೊಟ್ಟೆ. ಮೊದಲು ಒಂದು ಬಟ್ಟಲಿಗೆ ಏರುತ್ತಿದ್ದ ಅಮಲು ಆಮೇಲೆ ಆರಕ್ಕೂ ಏರದು. ಅದನ್ನು ಗಟ್ಟಿತನ ಅಂತ ಹೊಗಳಿಕೊಳ್ತಾರೆ, ಅದು ರೋಗದ ಮೊದಲ ಹೆಜ್ಜೆ. ಎರಡನೇದು ಹೆಂಡ. ಬೆಳಗ್ಗೆ ಕೈ ನಿಲ್ಲಲಿಕ್ಕೆ ಗುಟುಕು ಬೇಕು ಅಂದರೆ, ಕುಡಿಯೋನು ಅವನಲ್ಲ, ಅದು ಅವನನ್ನ ಕುಡೀತಿದೆ."

"ನಿನಗೆ ಹೇಗೆ ಗೊತ್ತು?" ಎಂದಳು ಚಂಪಾಂಬೆ.

"ಪಾತ್ರೆ ಹೇಳ್ತದೆ ತಾಯಿ. ದೇವರ ಕೋಣೆಯ ತಂಬಿಗೆಗೆ ದೀಪಾವಳಿಯಲ್ಲಿ ಕಲಾಯಿ ಹಾಕಿದ್ದೆ. ನೀರಿಟ್ಟರೆ ವರ್ಷ ಬಾಳ್ತದೆ. ಸಂಕ್ರಾಂತಿಗೇ ತಳದ ಕಲಾಯಿ ಕಿತ್ತು ಬಂತು. ಹುಳಿ ಹೆಂಡ ತಿಂದಿದೆ. ಮೂಗಿಟ್ಟರೆ ವಾಸನೆ. ಬಚ್ಚಿಡೋಕೆ ಶುರು ಮಾಡಿದ ಅಂದರೆ, ತಪ್ಪು ಅಂತ ಅವನಿಗೂ ಗೊತ್ತು."

ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಅರಮನೆಯ ಪ್ರತಿ ಆಳಿಗೂ ಆ ತಂಬಿಗೆ ಗೊತ್ತಿತ್ತು. ದೊರೆಗಾಗಿ ಅದನ್ನು ದಿನಾ ತುಂಬಿಸುತ್ತಿದ್ದವನು ಮಂತ್ರಿಯೇ.

ಕೆಂಚರಸ ಗುಡುಗಿದ. "ನನ್ನನ್ನೇ ಕುಡುಕ ಅನ್ನುತ್ತೀಯಾ? ದಣಿವಿಗೆ ಒಂದು ಗುಟುಕು ಹಾಕುತ್ತೇನೆ, ಅಷ್ಟೇ! ಮನಸ್ಸು ಮಾಡಿದರೆ ನಾಳೆಯೇ ಬಿಡುತ್ತೇನೆ!"

ಮೌಲಾಲಿ ಕೈಮುಗಿದ. "ಮೂರನೇದನ್ನು ತಾವೇ ಹೇಳಿದಿರಿ ಧಣಿ. ಆ ಕೀಲಿ ಈ ಮಾತೇ. 'ನಾಳೆ ಬಿಡ್ತೀನಿ'."

"ಹೌದು," ಎಂದಳು ಚಂಪಾಂಬೆ. "ಏಳು ವರ್ಷದಿಂದ ಈ ಕೀಲಿ ನೋಡುತ್ತಿದ್ದೇನೆ ಅಪ್ಪಾಜಿ. ಇದನ್ನು ನಿಮ್ಮೆದುರು ಹೇಳುವ ಒಬ್ಬ ಗಂಡಸೂ ನಿಮ್ಮ ಆಸ್ಥಾನದಲ್ಲಿ ಇರಲಿಲ್ಲ."

ದೊರೆ ಕಟುಕನಿಗೆ ಸನ್ನೆ ಮಾಡಲು ಕೈ ಎತ್ತಿದ. ಎದ್ದಾಗಿನಿಂದ ಗುಟುಕು ಬಿದ್ದಿರಲಿಲ್ಲ. ಕೈ ಗಾಳಿಗೆ ಸಿಕ್ಕ ಎಲೆಯಂತೆ ಅದುರಿತು. ಕಟುಕನಿಗೆ ಅದು ತಲೆ ತೆಗೆ ಎಂದೋ, ಬಿಟ್ಟುಬಿಡು ಎಂದೋ ತಿಳಿಯಲಿಲ್ಲ. ಇಡೀ ಸಭೆ ಆ ಕೈ ನೋಡಿತು. ಆಮೇಲೆ ಅವನೂ ನೋಡಿದ, ಯಾರದ್ದೋ ಕೈ ಎಂಬಂತೆ. ಅದನ್ನು ಶಾಲಿನೊಳಗೆ ಎಳೆದುಕೊಂಡು, "ವೈದ್ಯರನ್ನು ಕರೆಯಿರಿ," ಎಂದ.

ವೈದ್ಯರು ಖಂಡಿತವಾಗಿ ಹೇಳಿದರು: "ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಬಿಡುವವರೆಗೆ ದೊರೆಗಳು ನನ್ನ ಕಣ್ಣೆದುರೇ ಇರಬೇಕು." ರಾಜಮುದ್ರೆ ಅಂದೇ ಮಗಳ ಕೈಗೆ ಬಂತು. ಯುವರಾಜನೂ ಭಟ್ಟನೂ ತಲೆ ಉಳಿಸಿಕೊಂಡರು. ಆ ತಲೆಗಳು ಉಳಿದದ್ದರಿಂದ ಯಾರಿಗೂ ಲಾಭವಾಗಲಿಲ್ಲ. ಬೇಡಿದ್ದು ಕೇಳೆಂದಾಗ ಮೌಲಾಲಿ ಹೊನ್ನು ಕೇಳಲಿಲ್ಲ, ಹೆಣ್ಣು ಕೇಳಲಿಲ್ಲ. ಪೇಟೆಬೀದಿಯಲ್ಲಿ ಸೂರಿರುವ ಒಂದು ಅಂಗಡಿ ಕೇಳಿ ಪಡೆದ. ಕೆಂಚರಸ ಎರಡು ಸಲ ಜಾರಿದ, ಮೂರನೇ ಸಲ ನಿಂತ. ಆಮೇಲೆ ಯಾರಾದರೂ ಎದುರಿಗೆ "ನಾಳೆ ಬಿಡುತ್ತೇನೆ" ಎಂದರೆ, ದೊರೆಗೆ ಅವರ ಮುಖ ನೋಡಲಾಗುತ್ತಿರಲಿಲ್ಲ.