ಏರುವಾಗ ಒಂಬತ್ತು, ಇಳಿಯುವಾಗ ಆರು

“ಕೇಳಿರಿ, ಶೀತಗಿರಿಯ ಜನರೇ! ರಾಜಕುಮಾರಿ ಶೈಲಾವತಿಯ ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಪಡೆಯಬಹುದು, ರಾಜಕುಮಾರಿಯನ್ನೇ ಬೇಡಿದರೂ ಸೈ. ಒಂದು ತಪ್ಪಿದರೂ ತಲೆದಂಡ!”

ಡಂಗುರ ಕೇಳಿ ಮಾಚ ಕೂತಲ್ಲಿ ಕೂರಲಾರದೆ ಎದ್ದ. ಬೆಟ್ಟದ ತುದಿಯ ಗಣಿಯಿಂದ ಕೆಂಡಹರಳು ಹೊತ್ತು ಅರಮನೆಗೆ ಇಳಿಸುವುದು ಅವನ ಮನೆತನದ ಕೆಲಸ. ಕೆಂಡಹರಳೆಂದರೆ ತಾಮ್ರವೂ ಗಂಧಕವೂ ಕೂಡಿ ಹರಳುಗಟ್ಟಿದ ಕೆಂಪು ಕಲ್ಲು. ಅವನ ಅಪ್ಪ ಬೀರಪ್ಪ ತಂದುಕೊಟ್ಟ ದೊಡ್ಡ ಹರಳು ಒಂದು ಚಳಿಯ ಬೆಳಗ್ಗೆ, ಬಯಲು ಮಂಟಪದಲ್ಲಿ, ಬೂದುಬಣ್ಣಕ್ಕೆ ತಿರುಗಿತ್ತು. ರಾಜ ವಜ್ರಬಾಹು ಅದನ್ನು ಒಳಕೋಣೆಗೆ ತರಿಸಿದ. ಒಳಗೆ ತುಸು ಬೆಚ್ಚಗಿತ್ತು, ಆದರೂ ಕೆಂಪು ಮರಳಲಿಲ್ಲ. “ಕಳ್ಳ ಕಲ್ಲು ಬದಲಿಸಿದ್ದಾನೆ” ಎಂದು ಬೀರಪ್ಪನನ್ನು ಸೆರೆಗೆ ಹಾಕಿಸಿದ. ಹುಣ್ಣಿಮೆಯ ದಿನ ಅವನ ಎರಡೂ ಕೈ ಕಡಿಯಬೇಕೆಂದು ಆಜ್ಞೆಯಾಗಿತ್ತು. ಹುಣ್ಣಿಮೆ ನಾಳೆಯೇ.

ಸಭೆಯಲ್ಲಿ ಮಾಚನಿಗಿಂತ ಮುಂದೆ ಇಬ್ಬರಿದ್ದರು. ದಂಡನಾಯಕನ ಮಗ ಚಾವುಂಡ ತಿರುಗಿ ನೋಡಿದ. “ಏನೋ, ಮೂಟೆ ಇಳಿಸುವ ಬಾಗಿಲು ಹಿಂದುಗಡೆ.”

“ಗೊತ್ತು ಒಡೆಯ, ಅಲ್ಲಿಂದಲೇ ಬಂದೆ.”

ಒಗಟುಗಳು ರಾಜಕುಮಾರಿಯ ಅಜ್ಜಿ ಬಿಟ್ಟುಹೋದವು. ಉತ್ತರ ಇದ್ದದ್ದು ಮಂತ್ರಿಯ ಕೈಯಲ್ಲಿದ್ದ ತಾಮ್ರಪಟದಲ್ಲಿ ಮಾತ್ರ, ಅವಳಿಗೂ ತಿಳಿಯದು.

“ಒಂದು ಊರಿಗೆ ಯಾರೂ ಬರಲಿಲ್ಲ, ಊರಿಂದ ಯಾರೂ ಹೋಗಲಿಲ್ಲ, ಕೋಟೆಗೋಡೆಯೂ ಹಾಗೇ ಇದೆ. ಬೆಳಗಾಗುವಷ್ಟರಲ್ಲಿ ಅದು ಬೇರೆ ಊರಾಗಿತ್ತು. ಯಾವ ಊರು?” ಎಂದಳು ಶೈಲಾವತಿ.

“ಶತ್ರುವಿಗೆ ಸೋತ ಊರು!” ಎಂದ ಚಾವುಂಡ. ಶತ್ರು ಒಳಗೆ ಬಂದನಲ್ಲ! ಮಂತ್ರಿ ಅಲ್ಲವೆಂದು ತಲೆಯಾಡಿಸಿದ. ಚಾವುಂಡನ ಕೈಗೆ ಹಗ್ಗ ಬಿತ್ತು.

“ಎಲ್ಲರೂ ಸತ್ತ ಊರು” ಎಂದ ರತ್ನವ್ಯಾಪಾರಿಯ ಮಗ ನಾಗದತ್ತ. ಸತ್ತವರೂ ಹೋದವರೇ ತಾನೇ? ಅವನಿಗೂ ಹಗ್ಗ.

ಮಾಚ ಮುಂದೆ ಬಂದ. “ಹರಳು, ಅಮ್ಮಣ್ಣಿ. ಬುಟ್ಟಿಯಲ್ಲಿ ಜೋಡಿಸಿದ ನಿಂಬೆಹಣ್ಣು ಕುಲುಕಿದರೆ ತುಸು ಸರಿದು ಬೇರೆ ಸಾಲಿಗೆ ಕೂರುತ್ತವಲ್ಲ, ಹಾಗೆ ಚಳಿಗೆ ಹರಳಿನ ಒಳಗಿನ ಕಣಗಳೂ ಸಾಲು ಬದಲಿಸುತ್ತವೆ ಅಂತಾನೆ ಅಪ್ಪ. ತೂಕ ಅಷ್ಟೇ, ಬಣ್ಣ ಬೇರೆ.”

ಮಂತ್ರಿ ಪಟವನ್ನು ಎರಡು ಸಲ ಓದಿದ. “ಸರಿ.”

“ಬಾಯಿಲ್ಲದವನು ಮನೆ ಬದಲಿಸುವಾಗ ಒಂದೇ ಮಾತಾಡುತ್ತಾನೆ. ಅದು ಕಿವಿಗಿಂತ ಮೊದಲು ಬೆನ್ನಿಗೆ ಕೇಳುತ್ತದೆ. ಯಾವ ಮಾತು?”

“ಟಿಕ್ ಅನ್ನೋದು! ಸಾಲು ಬದಲಿಸುವಾಗ ಹರಳು ಟಿಕ್ ಅನ್ನುತ್ತೆ, ಹೊತ್ತವನ ಬೆನ್ನುಮೂಳೆಗೆ ತಾಕುತ್ತೆ. ತಕ್ಷಣ ನಿಲ್ಲಬೇಕು. ಆತುರ ಮಾಡಿದರೆ ಸೀಳು ಬಿಡುತ್ತೆ.”

“ಸರಿ.”

“ಒಂದೇ ದಾರಿ, ಒಬ್ಬನೇ ಪಯಣಿಗ. ಏರುವಾಗ ಒಂದು ಕಡೆ ಉಡುಪು ಬದಲಿಸುತ್ತಾನೆ. ಇಳಿಯುವಾಗ ಅದೇ ಜಾಗಕ್ಕೆ ಬಂದರೂ ಬದಲಿಸುವುದಿಲ್ಲ. ಎಲ್ಲಿ ಬದಲಿಸುತ್ತಾನೆ?”

ಮಾಚನಿಗೆ ಅಪ್ಪನ ಕೈಗಳೇ ಕಣ್ಣ ಮುಂದೆ ಬಂದವು. ನಿಂತಲ್ಲೇ ಕಾಲು ಬದಲಿಸಿದ, ಮತ್ತೆ ಬದಲಿಸಿದ. ಆ ಕಾಲುಗಳಿಗೆ ದಾರಿ ನೆನಪಾಯಿತು.

“ಒಂಬತ್ತು, ಆರು!” ಎಂದು ಕೂಗಿದ. “ಅರಮನೆ ಬೇಡವೆಂದ ಹರಳನ್ನು ಗಣಿಗೇ ಮರಳಿ ಒಯ್ಯುವುದು ನಮ್ಮ ಪದ್ಧತಿ. ದಾರಿಯಲ್ಲಿ ಹೊರೆ ಇಳಿಸುವ ಕಟ್ಟೆಗಳಿವೆ, ಎಣಿಕೆ ಕೆಳಗಿನಿಂದ. ಏರುವಾಗ ಚಳಿ ಹೆಚ್ಚಿ ಒಂಬತ್ತನೇ ಕಟ್ಟೆಯಲ್ಲಿ ಕೆಂಪು ಬೂದಾಗುತ್ತೆ. ಇಳಿಯುವಾಗ ಅಲ್ಲಿ ಕೆಂಪಾಗಲ್ಲ, ಇನ್ನೂ ಬೆಚ್ಚಗಿರುವ ಆರನೇ ಕಟ್ಟೆವರೆಗೆ ಬರಬೇಕು. ಒಡೆಯ, ನಿಮ್ಮ ಒಳಕೋಣೆ ಏಳನೇ ಕಟ್ಟೆಯಷ್ಟೇ ಬೆಚ್ಚಗಿದ್ದಿರಬೇಕು. ಅಪ್ಪ ಕದ್ದಿಲ್ಲ. ಹರಳು ತರಿಸಿ!”

“ಸರಿ” ಎಂದ ಮಂತ್ರಿ. ಹರಳು ತಂದರು. ಮಾಚ ಅದನ್ನು ಕಂಬಳಿಯೊಳಗೆ ಹೊಟ್ಟೆಗೆ ಅವುಚಿಕೊಂಡು ನಿಂತ. ಸಭೆ ಗುಸುಗುಟ್ಟಿತು, ನಕ್ಕಿತು, ಬೇಸತ್ತು ಸುಮ್ಮನಾಯಿತು. ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು: ಟಿಕ್.

ಕಂಬಳಿ ಬಿಚ್ಚಿದಾಗ ಹರಳು ಕೆಂಡದಂತೆ ಕೆಂಪಗಿತ್ತು.

ರಾಜ ತಲೆ ತಗ್ಗಿಸಿದ. “ಬೀರಪ್ಪನನ್ನು ಕರೆತನ್ನಿ. ಏನು ಬೇಕು ಕೇಳು, ಮಗು.”

“ಅಪ್ಪ ಸಿಕ್ಕನಲ್ಲ, ಸಾಕು.”

“ಅದು ಬಹುಮಾನವಲ್ಲ, ನಮ್ಮ ತಪ್ಪು ನಾವು ತಿದ್ದಿಕೊಂಡದ್ದು. ಬೇರೆ ಕೇಳು” ಎಂದಳು ಶೈಲಾವತಿ.

ಮಾಚ ಹಗ್ಗದಲ್ಲಿದ್ದ ಇಬ್ಬರತ್ತ ನೋಡಿದ. “ಹಾಗಾದರೆ ಇವರ ತಲೆ ಇವರ ಹತ್ತಿರವೇ ಇರಲಿ.”

“ಇದ್ದರೂ ಉಪಯೋಗ ಕಾಣೆ. ಆಗಲಿ. ನಿನಗಾಗಿ ಏನೂ ಬೇಡವೇ?” ಎಂದಳು ರಾಜಕುಮಾರಿ.

“ಸ್ವಲ್ಪ ಕೂರಬಹುದಾ, ಅಮ್ಮಣ್ಣಿ? ಆಗಿನಿಂದ ಕಾಲು ನಡುಗುತ್ತಿದೆ.”

ಸೇವಕರು ಮಣೆ ತರಲು ಓಡಿದರು. ಅವರು ಬರುವಷ್ಟರಲ್ಲಿ ರಾಜಕುಮಾರಿ ತನ್ನ ಪೀಠದಲ್ಲೇ ಪಕ್ಕಕ್ಕೆ ಸರಿದು ಅರ್ಧ ಜಾಗ ಬಿಟ್ಟಿದ್ದಳು.