ಒಳಗೆ ಸರಿದ ಸಾಲು

"ಗುರುಗಳೇ, ಬರೆಯುವವನು ನಾನು. ನನ್ನ ಸಾಲು ಎಲ್ಲಿರಬೇಕೆಂದು ಹೇಳಲು ಎಡಿಟರ್ ಯಾರು?" ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಮಠದ ಗಂಟೆಗಳನ್ನು ಯಂತ್ರದಿಂದ ಹೊಡೆಸುವ ಪ್ರೋಗ್ರಾಮನ್ನು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವ ಕೆಲಸ ಅಡಿವೆಪ್ಪನ ಪಾಲಿಗೆ ಬಂದಿತ್ತು. ಬರೆದ ಪ್ರೋಗ್ರಾಮು ಗಂಟೆ ಹೊಡೆಸುವ ಮೊದಲ ದಿನ ಅಂದು. ಬೆಳಗಿನ ಪ್ರಾರ್ಥನೆಯ ಗಂಟೆ ಸರಿಯಾದ ಹೊತ್ತಿಗೆ ಹೊಡೆದಿತ್ತು. ಎಲ್ಲರೂ ಅವನ ಬೆನ್ನು ತಟ್ಟಿದ್ದರು. ಆದರೂ, ಅವನು ಪ್ರೋಗ್ರಾಮು ಬರೆಯಲು ಬಳಸುತ್ತಿದ್ದ ಎಡಿಟರ್ ಎಂಬ ತಂತ್ರಾಂಶದ ಮೇಲೆ ಅವನಿಗೆ ಸಿಟ್ಟು ಇಳಿದಿರಲಿಲ್ಲ.

"ಊಟದ ಗಂಟೆಯ ಸಾಲನ್ನು ನಾನು ಬೆಳಗಿನ ಗಂಟೆಯ ಸಾಲಿನ ನೇರಕ್ಕೆ ಇಡುತ್ತೇನೆ. ಅದು ಎಳೆದು ಒಳಗೆ ಕೂರಿಸುತ್ತದೆ. ನಾನು ಹೊರಗೆ ತಂದರೆ ಮತ್ತೆ ಒಳಗೆ ನೂಕುತ್ತದೆ. ನಿನ್ನೆ ರೋಸಿಹೋಗಿ, ಸಾಲು ಸರಿಸುವ ಅದರ ನಿಯಮವನ್ನೇ ಆಫ್ ಮಾಡಿಬಿಟ್ಟೆ. ಈಗ ಸಾಲು ನಾನಿಟ್ಟ ಕಡೆ ಸುಮ್ಮನೆ ಕೂತಿದೆ. ತಪ್ಪಾಯಿತೇ?"

"ಕೂತುಕೋ" ಎಂದರು ಗುರುಗಳು. ಅಡಿವೆಪ್ಪನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಇನ್ನೇನು ಊಟದ ಗಂಟೆ ಹೊಡೆಯುತ್ತದೆ, ಕತೆ ಉದ್ದವಾಗಲಾರದು ಎಂದುಕೊಂಡು ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನಿಗೊಂದು ಮದುವೆ ಛತ್ರವಿತ್ತು. ಛತ್ರದ ಮಾಳಿಗೆಯ ಮೇಲೆ ನೀರಿನ ಟ್ಯಾಂಕು. ಮುಹೂರ್ತದ ಹೊತ್ತಿಗೆ ನೀರು ಖಾಲಿಯಾಗುವುದು, ಅಡುಗೆಯವರು ಕೂಗಾಡುವುದು ಅಲ್ಲಿ ಮದುವೆಯ ಶಾಸ್ತ್ರಗಳಲ್ಲೇ ಒಂದಾಗಿಹೋಗಿತ್ತು. ವರ್ತಕ ಒಬ್ಬ ಪ್ರೋಗ್ರಾಮರನನ್ನು ಕರೆಸಿದ. ನೀರು ತಗ್ಗಿದರೆ ಪಂಪು ತಾನಾಗಿ ಶುರುವಾಗಬೇಕು, ತುಂಬಿದರೆ ತಾನಾಗಿ ನಿಲ್ಲಬೇಕು, ಹಾಗೆ ಮಾಡಿಕೊಡು ಎಂದ.

ಈ ಪ್ರೋಗ್ರಾಮರನಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಹುಡುಗಿಯ ತಂದೆ ಒಬ್ಬ ರೈತ. ಕೈಗೆ ಮಣ್ಣು ತಾಗದ ಕೆಲಸ ಕೆಲಸವೇ ಅಲ್ಲ ಎಂಬುದು ಅವನ ವಾದ. ದಿನವಿಡೀ ಕೂತು ಈ ಹುಡುಗ ಮಾಡುವುದಾದರೂ ಏನು ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಆ ಮಾತು ಹುಡುಗನಿಗೆ ಮುಳ್ಳಿನಂತೆ ಚುಚ್ಚಿತ್ತು. ಮದುವೆ ಇದೇ ಛತ್ರದಲ್ಲಿ ಆಗಲಿ, ಮಾವ ನನ್ನ ಕೆಲಸವನ್ನು ಕಣ್ಣಾರೆ ಕಾಣಲಿ ಎಂದು ಅವನು ಹಟ ಹಿಡಿದ.

ಬರೆಯಲು ಕೂತ. ಲಿಸ್ಪಿನಲ್ಲಿ ಪ್ರತಿಯೊಂದು ಆಜ್ಞೆಯನ್ನೂ ಬ್ರಾಕೆಟ್ಟಿನೊಳಗೆ ಇಡಬೇಕು. ಬ್ರಾಕೆಟ್ಟಿನ ಒಳಗಿದ್ದುದೆಲ್ಲ ಅದರ ಅಧೀನ. ಎಡಿಟರ್ ಆ ಬ್ರಾಕೆಟ್ಟುಗಳನ್ನು ಎಣಿಸಿ, ಒಳಗಿರುವ ಸಾಲನ್ನು ಕೊಂಚ ಬಲಕ್ಕೆ ಸರಿಸಿ ತೋರಿಸುತ್ತದೆ. ಅದರ ವಿದ್ಯೆ ಅಷ್ಟೇ.

ನೀರು ತಗ್ಗಿದ್ದರೆ ಪಂಪು ಶುರುಮಾಡು ಎಂದು ಹುಡುಗ ಬರೆದ. ಅಲ್ಲಿ ಬ್ರಾಕೆಟ್ ಮುಚ್ಚುವುದನ್ನು ಮರೆತ. ಕೆಳಗೆ, ನೀರು ತುಂಬಿದ್ದರೆ ಪಂಪು ನಿಲ್ಲಿಸು ಎಂದು ಬರೆದು ಅಲ್ಲಿ ಒಂದು ಹೆಚ್ಚು ಮುಚ್ಚಿದ. ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ಸರಿಹೋಯಿತು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಎಡಿಟರ್ ಮಾತ್ರ ನಿಲ್ಲಿಸುವ ಸಾಲನ್ನು ಶುರುಮಾಡುವ ಸಾಲಿನ ಒಳಗೆ ಸರಿಸಿತು.

ಹುಡುಗ ಅದನ್ನು ಹೊರಗೆ ತಂದ. ಸಾಲು ಸರಿಸುವ ಟ್ಯಾಬ್ ಕೀಲಿ ಒತ್ತಿದರೆ ಮತ್ತೆ ಒಳಗೆ ಹೋಯಿತು. ಮತ್ತೆ ತಂದ, ಮತ್ತೆ ಹೋಯಿತು. ಇದೇನು ಹಠಮಾರಿಯಪ್ಪಾ ಎಂದು ಗೊಣಗಿ, ಎಡಿಟರಿನ ನಿಯಮವನ್ನು ಆಫ್ ಮಾಡಿ, ಸಾಲನ್ನು ತಾನೇ ಕೈಯಾರೆ ನೇರಕ್ಕೆ ಇಟ್ಟ. ವರ್ತಕನಿಗೆ ತೋರಿಸಿದ. ಅದರಲ್ಲಿ ಒಂದಕ್ಷರವೂ ತಿಳಿಯದ ವರ್ತಕ, ಎಷ್ಟು ಒಪ್ಪವಾಗಿದೆ ಎಂದು ತಲೆದೂಗಿದ. ಖಾಲಿ ಟ್ಯಾಂಕಿನ ಮೇಲೆ ಪರೀಕ್ಷೆಯೂ ನಡೆಯಿತು. ಪಂಪು ಶುರುವಾಯಿತು. ಟ್ಯಾಂಕು ತುಂಬುವ ತನಕ ಕಾಯಲು ಹುಡುಗನಿಗೆ ಪುರುಸೊತ್ತಿರಲಿಲ್ಲ, ಪೇಟ ಕೊಳ್ಳುವುದಿತ್ತು. ಪಂಪಿನ ಸ್ವಿಚ್ಚನ್ನು ತಾನೇ ಆರಿಸಿ ಹೊರಟುಹೋದ.

ಮದುವೆಯ ದಿನ ಬಂತು. ಹುಡುಗ ಬೆಳಿಗ್ಗೆಯೇ ಪಂಪಿನ ಸ್ವಿಚ್ ಹಾಕಿಸಿದ್ದ. ನೀರು ತಗ್ಗಿತು. ಯಾರೂ ಮುಟ್ಟದೆ ಪಂಪು ಗುಂಯ್ ಎಂದಿತು. ಹಸೆಮಣೆಯ ಮೇಲಿದ್ದ ಹುಡುಗ ಮಾವನತ್ತ ತಿರುಗಿ ಹುಬ್ಬು ಹಾರಿಸಿದ. ರೈತನಿಗೂ ಮೆಚ್ಚುಗೆಯಾಯಿತು. ಪರವಾಗಿಲ್ಲ, ಹುಡುಗ ಕೆಲಸಗಾರ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ.

ಟ್ಯಾಂಕು ತುಂಬಿತು. ಪಂಪು ನಿಲ್ಲಲಿಲ್ಲ. ತುಂಬಿದೆಯೇ ಎಂದು ನೋಡುವ ಸಾಲು, ತಗ್ಗಿದಾಗ ಮಾತ್ರ ನಡೆಯುವ ಸಾಲಿನ ಒಳಗಿತ್ತು. ತಗ್ಗಿದ ಟ್ಯಾಂಕು ಅದೇ ಹೊತ್ತಿಗೆ ತುಂಬಿರುವುದು ಹೇಗೆ?

ನೀರು ಮೆಟ್ಟಿಲಿಳಿದು ರಂಗೋಲಿ ತೊಳೆದು ಊಟದ ಪಂಕ್ತಿಗೆ ಬಂತು. ನೆಲದ ಮೇಲೆ ಹಾಸಿದ್ದ ಬಾಳೆಲೆಗಳು ಪಲ್ಯ, ಕೋಸಂಬರಿ ಸಮೇತ ತೇಲತೊಡಗಿದವು. ಒಬ್ಬರ ಹೋಳಿಗೆ ಮತ್ತೊಬ್ಬರ ಮುಂದೆ ಹೋಗಿ ನಿಂತಿತು. ಬೀಗರು ಪಂಚೆ ಎತ್ತಿ ಬೆಂಚು ಹತ್ತಿದರು. ಧಾರೆಗೆಂದು ಚೆಂಬಿನಲ್ಲಿ ನೀರು ಹಿಡಿದು ನಿಂತಿದ್ದ ಪುರೋಹಿತರು ಒಮ್ಮೆ ಚೆಂಬನ್ನು ನೋಡಿದರು, ಒಮ್ಮೆ ನೆಲವನ್ನು ನೋಡಿದರು. ಹುಡುಗ ಏಳಲು ಹೋದರೆ ಹಿರಿಯರು ಬಿಡಲಿಲ್ಲ, ಮುಹೂರ್ತ ಮೀರುತ್ತಿತ್ತು. ಕಡೆಗೆ ರೈತನೇ ನೀರು ತುಳಿದುಕೊಂಡು ಹೋಗಿ ಮೇನ್ ಸ್ವಿಚ್ ಇಳಿಸಿದ. ದೀಪಗಳೂ ಹೋದವು. ತಾಳಿ ಕಟ್ಟಿದ್ದು ಬೀಗರ ಮೊಬೈಲ್ ಬೆಳಕಿನಲ್ಲಿ. ಅಕ್ಷತೆ ಹಾಕಲು ಬಂದ ರೈತ ಅಳಿಯನ ಕಿವಿಯಲ್ಲಿ, "ದಿನವಿಡೀ ಕೂತು ನೀವು ಏನು ಮಾಡುತ್ತೀರಿ ಅಂತ ಈಗ ತಿಳಿಯಿತು ಬಿಡಿ" ಎಂದ.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಎಂಥ ಮಂಕನಪ್ಪ ಅವನು" ಎಂದ. ಹಾಗೆ ಹೇಳುತ್ತಿರುವಾಗಲೇ ಅವನ ಹೊಟ್ಟೆ ಮತ್ತೆ ಗುಡುಗಿತು. ಕಿಟಕಿಯತ್ತ ನೋಡಿದ. ಅಂಗಳದ ಬೇವಿನ ನೆರಳು ಆಗಲೇ ಆಚೆ ಗೋಡೆ ಮುಟ್ಟಿತ್ತು. ಎದುರಿನ ಊಟದ ಪಡಸಾಲೆಯಲ್ಲಿ ಮಠದವರೆಲ್ಲ ಖಾಲಿ ತಟ್ಟೆಯ ಮುಂದೆ ಕೂತಿದ್ದರು. ಬಾಗಿಲಲ್ಲಿ ಅಡುಗೆಯವರು ಸೌಟು ಹಿಡಿದುಕೊಂಡು ಗಂಟೆಯನ್ನೇ ದಿಟ್ಟಿಸುತ್ತಿದ್ದರು. ಗಂಟೆ ಹೊಡೆಯದೆ ಬಡಿಸುವುದು ಆ ಮಠದಲ್ಲಿ ರೂಢಿಯಿಲ್ಲ. ಅನ್ನ ಆರಿಹೋಗಿತ್ತು.

ಊಟದ ಗಂಟೆಯ ಸಾಲು ಎಲ್ಲಿ ಕೂತಿದೆಯೆಂದು ಅಡಿವೆಪ್ಪನಿಗೆ ಈಗ ಹೊಳೆಯಿತು. ಬೆಳಗಿನ ಗಂಟೆಯ ಸಾಲಿನಲ್ಲಿ ಮುಚ್ಚದೆ ಬಿಟ್ಟ ಬ್ರಾಕೆಟ್ಟಿನ ಒಳಗೆ. ಬೆಳಗಿನ ಹೊತ್ತಿನಲ್ಲಿ ಮಧ್ಯಾಹ್ನವಾದರೆ ಮಾತ್ರ ಅದು ಹೊಡೆಯಬೇಕು. ಅವನಿಗೆ ನಾಚಿಕೆಯಾಯಿತು. ಆದರೂ ಮನಸ್ಸು ಸೋಲೊಪ್ಪಲಿಲ್ಲ.

"ಆದರೆ ಗುರುಗಳೇ, ನನ್ನ ಮನಸ್ಸಿನಲ್ಲಿ ಏನಿದೆಯೆಂದು ಆ ಎಡಿಟರಿಗೇನು ಗೊತ್ತು?"

ಗುರುಗಳು ಗಂಟೆಯ ಹಗ್ಗದ ಕಡೆಗೆ ಹೋಗಲು ಎದ್ದರು.

"ಗೊತ್ತಿಲ್ಲ, ಅದಕ್ಕೇ ನೀನು ಬರೆದದ್ದನ್ನು ಅದೊಂದೇ ಓದಿದ್ದು" ಎಂದರು.